ಅಮ್ಮನನ್ನು ಎತ್ತುವ ಬಲ

ಎತ್ತುವ ಮೊದಲು ಅಕ್ಕ ಪ್ರಾರ್ಥನೆ ಮಾಡುತ್ತಿದ್ದಳು. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು. ಮಂಚದ ಪಕ್ಕ ಬಗ್ಗಿ, ಎರಡೂ ಕೈಗಳನ್ನು ಅಮ್ಮನ ಕಂಕುಳಡಿ ತೂರಿಸಿ, ಕಣ್ಣು ಮುಚ್ಚಿ ಹೇಳುವಳು: "ಯೇಸಪ್ಪಾ, ಈ ಹೊರೆ ಎತ್ತೋ ಬಲ ಕೊಡು. ನನ್ನಿಂದ ಆಗಲ್ಲ, ನಿನ್ನಿಂದ ಆಗುತ್ತೆ." ಆಮೇಲೆ ಒಂದು ಉಸಿರು ಎಳೆದುಕೊಂಡು, ಅಮ್ಮನನ್ನು ಎದೆಗೆ ಆನಿಸಿಕೊಂಡು ಎಬ್ಬಿಸಿ, ಅರ್ಧ ಸುತ್ತು ತಿರುಗಿ, ಗಾಲಿಕುರ್ಚಿಗೆ ಇಳಿಸುವಳು. ಅಲ್ಲಿಂದ ಬಚ್ಚಲು, ಬಚ್ಚಲಿಂದ ಮತ್ತೆ ಮಂಚ. ನಾಲ್ಕು ವರ್ಷದಿಂದ ಬೆಳಗಾದರೆ ಇದೇ.

ಬಲ ಬರುತ್ತಿತ್ತು. ನಗಬೇಡಿ. ಬರುತ್ತಿದ್ದದ್ದು ನಿಜ. ಮೊದಮೊದಲು ಎತ್ತಿದಾಗ ಸೊಂಟದಲ್ಲಿ ಚಳಕ್ ಅಂದು ಕಣ್ಣಲ್ಲಿ ನೀರು ಬರುತ್ತಿತ್ತು. ಬರುಬರುತ್ತಾ ಚಳಕು ನಿಂತಿತು, ಆಮೇಲೆ ಏದುಸಿರು ನಿಂತಿತು. ಈಗೀಗ ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ವಯಸ್ಸು ಐವತ್ತರ ಹತ್ತಿರ ಬಂದ ಹೆಂಗಸಿಗೆ ಬಲ ಕಡಿಮೆಯಾಗಬೇಕು, ಇವಳಿಗೆ ಜಾಸ್ತಿಯಾಗುತ್ತಿತ್ತು. ದೇವರಲ್ಲದೆ ಇನ್ಯಾರು ಕೊಡ್ತಾರೆ ಹೇಳಿ.

ಅಕ್ಕ ಅಂದರೆ ಮೂವರು ಮಕ್ಕಳಲ್ಲಿ ದೊಡ್ಡವಳು. ತಮ್ಮ ತಂಗಿ ಅಕ್ಕ ಅನ್ನುತ್ತಿದ್ದರು, ಹಾಗಾಗಿ ಅವರ ಚರ್ಚಿನ ಇಡೀ ಸಭೆಯೇ ಅಕ್ಕ ಅನ್ನುತ್ತಿತ್ತು. ಮದುವೆಯಾಗಿರಲಿಲ್ಲ. ಆಗೋ ವಯಸ್ಸಿನಲ್ಲಿ ಅಪ್ಪನ ಕಾಯಿಲೆ, ಅದು ಮುಗಿಯುವ ಹೊತ್ತಿಗೆ ತಂಗಿಯ ಮದುವೆ, ಅದು ಮುಗಿಯುವ ಹೊತ್ತಿಗೆ ಕೇಳುವವರೇ ಇರಲಿಲ್ಲ. ಅಮ್ಮನ ಜೊತೆ ಮೊದಲ ಮಹಡಿಯ ಎರಡು ರೂಮಿನಲ್ಲಿ ಉಳಿದುಕೊಂಡಳು. ಅಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಊರಿನ ರೋಗಿಗಳನ್ನೆಲ್ಲ ಎತ್ತಿ ಮಲಗಿಸಿ, ಮಗುಚಿ, ತೊಳೆದು ಸವೆದ ಕೈ. ಗಟ್ಟಿ ಹೆಂಗಸು, ದಪ್ಪ ಕೂಡ. ಒಂದು ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಬಲಗಡೆ ಪೂರ್ತಿ ಹೋಯಿತು, ಬಾಯಿ ಸೊಟ್ಟಗಾಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಮಾತು ಒಂದೊಂದೇ ತೊದಲುತ್ತಾ ಬರುತ್ತಿತ್ತು.

ಆಗ ಮೂವರೂ ಸರದಿ ಮೇಲೆ ನೋಡಿಕೊಳ್ಳೋಣ ಅಂತ ಮಾತಾಯಿತು. ತಮ್ಮನಿಗೆ ಪೀಠೋಪಕರಣದ ಅಂಗಡಿ. ಮರದ ಬೀರುಗಳನ್ನು ಬೆನ್ನ ಮೇಲೆ ಹೊತ್ತು ಮೂರನೇ ಮಹಡಿಗೆ ಹತ್ತಿಸುವ ಆಳು. ಅಮ್ಮನನ್ನು ಒಂದು ವಾರ ಎತ್ತಿದ್ದೇ ಸೊಂಟ ಹಿಡಿದುಕೊಂಡಿತು. ಮಾತಿನಲ್ಲಿ ಅವನದು ಎತ್ತಿದ ಕೈ, ಅಮ್ಮನ ವಿಷಯದಲ್ಲಿ ಅಲ್ಲ. ತಂಗಿ ಸಭೆಯಲ್ಲಿ ಮೈಕು ಹಿಡಿದು ಹಾಡುವವಳು, ಮೆತ್ತನೆ ಜೀವ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಿದರೆ ಅಳು ಬಂದು ದನಿ ಕಟ್ಟುತ್ತದಂತೆ, ದನಿ ಕಟ್ಟಿದರೆ ಭಾನುವಾರ ಹಾಡೋದು ಯಾರು.

ಇಷ್ಟರಲ್ಲಿ ಅಕ್ಕ ಒಂದು ತಪ್ಪು ಮಾಡಿದಳು. ಅವರ ಸಭೆಯಲ್ಲಿ ಶುಕ್ರವಾರ ಸಂಜೆ ಹೊರೆ ಇಳಿಸುವ ಪ್ರಾರ್ಥನೆ. ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುವುದು. ಒಬ್ಬೊಬ್ಬರೂ ತಮ್ಮ ದಿನದ ಕಷ್ಟದಲ್ಲಿ ಒಂದನ್ನು ಹೇಳಬೇಕು. ದೊಡ್ಡದೇ ಆಗಬೇಕೆಂದಿಲ್ಲ, ಕೆಟ್ಟುನಿಂತ ಸ್ಕೂಟರೂ ನಡೆಯುತ್ತಿತ್ತು, ಪಕ್ಕದ ಮನೆಯವಳ ಬಾಯಿಯೂ ನಡೆಯುತ್ತಿತ್ತು. ಹೇಳಿದವರ ತಲೆ, ಹೆಗಲ ಮೇಲೆ ಉಳಿದವರು ಕೈಯಿಟ್ಟು, ದೇವರ ಬಲ ಆ ಕಷ್ಟದೊಳಗೆ ಇಳಿದು ಬರಲಿ ಅಂತ ಬೇಡಿಕೊಳ್ಳುವರು. ಇದಕ್ಕೊಂದು ನೇಮ ಇತ್ತು: ಒಮ್ಮೆ ಇಳಿಸಿದ ಹೊರೆಯನ್ನು ಮತ್ತೆ ಕಷ್ಟ ಅಂತ ಹೇಳುವ ಹಾಗಿಲ್ಲ. ಹೇಳಿದರೆ ದೇವರನ್ನು ನಂಬಲಿಲ್ಲ ಅಂತ ಆಯಿತಲ್ಲ. ಮುಂದಿನ ಶುಕ್ರವಾರಗಳಲ್ಲಿ ಎಷ್ಟು ಬಲ ಬಂತು ಅಂತ ಮಾತ್ರ ಹೇಳಿ ಸ್ತೋತ್ರ ಸಲ್ಲಿಸಬೇಕು.

ಅಕ್ಕ ತನ್ನ ಸರದಿ ಬಂದಾಗ, ಅಮ್ಮನನ್ನು ಎತ್ತೋರು ಬೇಕು ಅಂತ ಕೇಳಬೇಕಿತ್ತು. ಅಮ್ಮನನ್ನು ಎತ್ತೋ ಬಲ ಬೇಕು ಅಂತ ಕೇಳಿಬಿಟ್ಟಳು. ಮನುಷ್ಯರನ್ನು ಕೇಳಿದ್ದರೆ ಮನುಷ್ಯರು ಬರಬೇಕಾಗುತ್ತಿತ್ತು. ಬಲ ಕೇಳಿದಳು, ಬಲ ಬಂತು, ತಮ್ಮ ತಂಗಿ ಕೈ ತೊಳೆದುಕೊಂಡರು. ಆ ಮೇಲೆ ಪ್ರತಿ ಶುಕ್ರವಾರ ಪಾಸ್ಟರು ನಗುನಗುತ್ತಾ ಕೇಳುವರು, "ಅಕ್ಕ, ಈ ವಾರ ಹೇಗೆ?" ಅಕ್ಕ ಎದ್ದು, "ಹೋದ ವಾರಕ್ಕಿಂತ ಸುಲಭವಾಯ್ತು" ಅನ್ನುವಳು. ಎಲ್ಲರೂ ಚಪ್ಪಾಳೆ ತಟ್ಟುವರು. ಎಲ್ಲರಿಗಿಂತ ಜೋರಾಗಿ ತಟ್ಟುವವನು ತಮ್ಮ.

ಅಕ್ಕನ ಕೆಲಸವೂ ಎತ್ತುವುದೇ. ಅವಳು ಕೆಲಸಕ್ಕೆ ಹೋದಾಗ ಕೆಳಮನೆಯವಳು ಆಗಾಗ ಬಂದು ಅಮ್ಮನನ್ನು ನೋಡಿಹೋಗುವಳು. ಹೋಟೆಲು, ಆಸ್ಪತ್ರೆಗಳ ಹೊದಿಕೆ, ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ. ದೊಡ್ಡ ದೊಡ್ಡ ಮೆಷಿನ್ನುಗಳು ಒಗೆದು ಹಿಂಡಿ ಉಗುಳಿದ ಒದ್ದೆ ಗಂಟುಗಳನ್ನು ಎತ್ತಿ ಒಣಗಿಸುವ ಮೆಷಿನ್ನಿಗೆ ಹಾಕಬೇಕು, ಒಣಗಿದ್ದನ್ನು ಎತ್ತಿ ಇಸ್ತ್ರಿಯವರ ಕಡೆ ತಳ್ಳಬೇಕು. ಹಬೆ, ಸೋಪಿನ ಘಾಟು, ಕಿವಿಗಡಚಿಕ್ಕುವ ಸದ್ದು. ಕೂರಲು ಒಂದು ಸ್ಟೂಲೂ ಇಲ್ಲ. ಬೆಳಗಿನಿಂದ ಸಂಜೆತನಕ ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಎದ್ದುನಿಂತಿದ್ದವು.

ಆ ತಿಂಗಳು ಯಜಮಾನಿ ಅವಳನ್ನು ಒಳಗೆ ಕರೆದಳು. ರೈಲಿನಲ್ಲಿ ಒಂದು ಹಗಲು ದೂರದ ಊರಿನಲ್ಲಿ ಇನ್ನೊಂದು ಲಾಂಡ್ರಿ ತೆರೆಯುತ್ತಿದ್ದಳಂತೆ. "ನೋಡ್ಕೊಳ್ಳೋಕೆ ನಂಬಿಕಸ್ಥರು ಬೇಕು. ಇನ್ನು ನೀನು ಎತ್ತೋದೇನೂ ಇರಲ್ಲ. ಮೇಜು, ಕುರ್ಚಿ, ಇರೋಕೆ ಒಂದು ರೂಮು. ಕೂತು ಕೆಲಸ ಮಾಡಿಸು. ರೂಮು ಚಿಕ್ಕದು, ಮೆಟ್ಟಿಲು ಕಡಿದು, ಅಮ್ಮನ್ನ ಅಲ್ಲಿ ಇಟ್ಕೊಳ್ಳೋಕಾಗಲ್ಲ. ಮನೇಲಿ ಮಾತಾಡಿ ಸೋಮವಾರ ಹೇಳು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ."

ಅಕ್ಕನಿಗೆ ಆಸೆ ಹುಟ್ಟಿತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಆಸೆ. ಮನೆಗೆ ಬರುವ ದಾರಿಯಲ್ಲೆಲ್ಲ ಅದೇ ಯೋಚನೆ. ಬೆಳಿಗ್ಗೆ ಎದ್ದು ತನ್ನ ಮುಖ ತಾನು ತೊಳೆದು, ತನ್ನ ಕಾಫಿ ತಾನು ಕುಡಿದು, ಹೋಗಿ ಕೂರುವುದು. ಯಾರನ್ನೂ ಎತ್ತದೆ ಒಂದು ಬೆಳಗು. ತಮ್ಮನ ಮನೆ ನೆಲಮಹಡಿ, ಮುಂದಿನ ರೂಮು ಖಾಲಿ ಬಿದ್ದಿದೆ, ಅಮ್ಮ ಅಲ್ಲಿರಬಹುದು. ಕೇಳಿದರೆ ಏನು ಕೊಂದುಹಾಕ್ತಾನಾ?

ಕೊಂದುಹಾಕಲಿಲ್ಲ. ತಮ್ಮ ತನ್ನ ಮನೆಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡ. ತಂಗಿಯೂ ಅಲ್ಲೇ ಸೋಫಾದ ಮೇಲೆ ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

"ಕೆಲಸ ಒಳ್ಳೇದೇ ಅಕ್ಕ," ಅಂದ ತಮ್ಮ. "ಆದ್ರೆ ಅಮ್ಮನ ಸೇವೆ ಮಾಡೋ ಕೃಪೆ ದೇವರು ನಿನಗೆ ಕೊಟ್ಟಿದಾನೆ. ನಮಗೆ ಕೊಟ್ಟಿಲ್ಲ. ಕೊಟ್ಟಿಲ್ಲದೆ ಇರೋದನ್ನ ನಾವು ಮಾಡೋಕೆ ಹೋದ್ರೆ ಅಹಂಕಾರ ಆಗಲ್ವಾ?"

"ನಿನ್ನ ನೋಡಿ ಸಭೇಲಿ ಎಷ್ಟು ಜನಕ್ಕೆ ಧೈರ್ಯ ಬಂದಿದೆ ಗೊತ್ತಾ," ಅಂದಳು ತಂಗಿ. "ನೀನು ಬಿಟ್ಟು ಹೋದ್ರೆ ಅವರೆಲ್ಲ ಏನಂದ್ಕೋತಾರೆ?"

"ನಿಮಗೆ ಬಲ ಇಲ್ಲ ಅಂತ ಹೇಗೆ ಗೊತ್ತು? ಎತ್ತಿ ನೋಡಿದೀರಾ?"

"ನೋಡಿದ್ನಲ್ಲ, ಆವಾಗ. ಸೊಂಟ ಹಿಡ್ಕೊಂಡಿತು."

"ಬೀರು ಎತ್ತುವಾಗ ಹಿಡ್ಕೊಳ್ಳಲ್ವಾ?"

"ಬೀರಿಗೆ ಹಿಡಿ ಇರುತ್ತೆ ಅಕ್ಕ," ಅಂದ ಅವನು. ತಮಾಷೆಗೆ ಅಂದನೋ ನಿಜವಾಗಿ ಅಂದನೋ ಗೊತ್ತಾಗಲಿಲ್ಲ. ಇಬ್ಬರೂ ನಕ್ಕರು. ಅಕ್ಕ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಎದ್ದು ಬಂದಳು. ಅವರು ಬಾಗಿಲತನಕ ಬಂದು, ನಿನಗೋಸ್ಕರ ಪ್ರಾರ್ಥನೆ ಮಾಡ್ತೀವಿ ಅಂದರು. ಅದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಮರುದಿನ ಶುಕ್ರವಾರ. ದುಂಡಗೆ ಕುರ್ಚಿಗಳು. ಒಬ್ಬಳು ಸೋರುವ ಮಾಳಿಗೆಯನ್ನು ಇಳಿಸಿದಳು, ಒಬ್ಬ ಬೈಯುವ ಮೇಲಧಿಕಾರಿಯನ್ನು ಇಳಿಸಿದ. ಅಕ್ಕನ ಸರದಿ ಬಂತು.

"ಅಕ್ಕ, ಈ ವಾರ ಹೇಗೆ?"

"ಸುಲಭವಾಯ್ತು ಪಾಸ್ಟರ್. ಅದಕ್ಕೇ ಒಂದು ಕೇಳ್ಕೋಬೇಕು. ನನ್ನ ಬಲ ತೆಗೆದುಬಿಡಪ್ಪಾ ಅಂತ ಎಲ್ಲರೂ ನನಗೋಸ್ಕರ ಪ್ರಾರ್ಥನೆ ಮಾಡಿ."

ಯಾರೋ ಕಿಸಕ್ಕಂದರು.

"ಹಾಗನ್ನಬಾರದು ಅಕ್ಕ," ಅಂದರು ಪಾಸ್ಟರು.

"ಮತ್ತೆ ಇನ್ನೇನನ್ನಲಿ? ನನಗೆ ಬಲ ಇರೋತನಕ ನಮ್ಮನೇಲಿ ಇನ್ಯಾರಿಗೂ ಬರಲ್ಲ. ನನ್ನದು ಹೋದರೆ ಅವರಿಗೆ ಬರುತ್ತೇನೋ. ನನಗೆ ಸಾಕಾಗಿದೆ. ನನಗೆ ಬೇರೆ ಊರಲ್ಲಿ ಕೂತು ಮಾಡೋ ಕೆಲಸ ಸಿಕ್ಕಿದೆ, ನನಗೆ ಹೋಗಬೇಕು." ಅಷ್ಟು ಜನರ ನಡುವೆ ಅಕ್ಕ ಜೋರಾಗಿ ಅತ್ತೇಬಿಟ್ಟಳು.

ಪಾಸ್ಟರು ಒಳ್ಳೆಯ ಮನುಷ್ಯ. ಅಳುವವರನ್ನು ನೋಡಿದರೆ ಅವರಿಗೆ ಕೈಕಾಲು ಆಡುವುದಿಲ್ಲ. ಅಕ್ಕನನ್ನು ನೋಡಿದರು, ತಮ್ಮನನ್ನು ನೋಡಿದರು. "ಇದ್ದದ್ದನ್ನ ತೆಗಿ ಅಂತ ಕೇಳೋದು ಬೇಡ. ತಮ್ಮನಿಗೂ ಕೊಡು ಅಂತ ಕೇಳೋಣ. ದೇವರ ಹತ್ರ ಏನು ಬಲಕ್ಕೆ ಬರವಾ?" ಅಂದರು. ತಮ್ಮ ತಲೆಯೆತ್ತುವ ಮೊದಲೇ ಹತ್ತಾರು ಕೈಗಳು ಅವನ ತಲೆ, ಹೆಗಲು, ಬೆನ್ನಿನ ಮೇಲೆ ಬಂದು ಕೂತವು. ಅವನು ಬೋನಿಗೆ ಬಿದ್ದ ಇಲಿಯಂತೆ ಕಣ್ಣು ಪಿಳಿಪಿಳಿ ಬಿಟ್ಟ. ತಪ್ಪಿಸಿಕೊಳ್ಳುವುದು ಎಲ್ಲಿಗೆ? ಇಷ್ಟು ವರ್ಷ ತಟ್ಟಿದ ಚಪ್ಪಾಳೆಯೆಲ್ಲ ಅವನ ಬೆನ್ನ ಮೇಲೇ ಬಿತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೆದುರು ಅಮ್ಮನನ್ನು ಎತ್ತುವುದು ಅಂತ ತೀರ್ಮಾನವಾಯಿತು.

ಭಾನುವಾರ ಪಾಸ್ಟರು, ತಮ್ಮ, ತಂಗಿ, ಸಭೆಯ ನಾಲ್ಕೈದು ಜನ ಮೆಟ್ಟಿಲು ಹತ್ತಿ ಬಂದರು. ಒಳಗಿನ ರೂಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಮ್ಮ ಮಂಚದ ಮೇಲೆ ಎಲ್ಲರನ್ನೂ ಸರದಿಯಾಗಿ ನೋಡುತ್ತಿದ್ದಳು. ತಮ್ಮ ತೋಳು ಮಡಚಿದ. ಸೊಂಟಕ್ಕೆ ಅಗಲದ ಪಟ್ಟಿ ಬೇರೆ ಕಟ್ಟಿಕೊಂಡು ಬಂದಿದ್ದ, ಬೀರು ಹತ್ತಿಸುವಾಗ ಕಟ್ಟಿಕೊಳ್ಳುವುದು. ಪ್ರಾರ್ಥನೆಯಾಯಿತು. ಅವನು ಕಾಲು ಅಗಲಿಸಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ಅಮ್ಮನ ಕಂಕುಳಿಗೆ ಕೈಹಾಕಿ ಒಂದೇ ಎಳೆತಕ್ಕೆ ಎತ್ತಿದ.

ಅಮ್ಮ ಸರಕ್ಕನೆ ಮೇಲೆ ಬಂದಳು. ತಮ್ಮ ಅವಳ ಸಮೇತ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ ಗೋಡೆಗೆ ಬೆನ್ನು ತಾಗಿಸಿ ನಿಂತ. ಅವನ ಮುಖ ಅರಳಿತು.

"ಸ್ತೋತ್ರ," ಅಂದ. ಅವನ ದನಿ ನಿಜಕ್ಕೂ ನಡುಗುತ್ತಿತ್ತು. "ಬಂತು ಪಾಸ್ಟರ್. ನನಗೂ ಬಂತು. ಏನೂ ಭಾರ ಇಲ್ಲ, ಹೂವು ಎತ್ತಿದ ಹಾಗಿದೆ."

ಎಲ್ಲರೂ ಸ್ತೋತ್ರ ಅಂದರು. ತಂಗಿ ಹಾಡು ಎತ್ತಿಕೊಂಡಳು. ತಮ್ಮ ಅಮ್ಮನನ್ನು ಮಂಚಕ್ಕೆ ಇಳಿಸಿ, ಇನ್ನೊಮ್ಮೆ ಎತ್ತಿ, ಇನ್ನೊಮ್ಮೆ ಇಳಿಸಿದ. ಹೊಸ ಆಟಿಕೆ ಸಿಕ್ಕಿದ ಮಗುವಾಗಿದ್ದ. "ಅಕ್ಕ, ನೀನು ಹೋಗು. ನಾಳೆ ಬೆಳಿಗ್ಗೇನೇ ಅಂಗಡಿ ವ್ಯಾನು ತರ್ತೀನಿ, ಅಮ್ಮ ಇನ್ನು ನಮ್ಮನೇಲಿ" ಅಂದ. ಅಷ್ಟು ಜನರೆದುರು ಅಂದ. ಅಕ್ಕ ಅವನ ಕೈ ಹಿಡಿದುಕೊಂಡಳು. ಬೈದುಕೊಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಎಲ್ಲರೂ ಮುಂದಿನ ರೂಮಿಗೆ ಹೋಗಿ ಕೂತರು, ಅಕ್ಕ ಕಾಫಿಗೆ ನೀರಿಟ್ಟಳು.

ನೀರು ಕಾಯುತ್ತಿದ್ದಾಗ ಅವನು ಹಿಂದಕ್ಕೆ ತೂರಾಡಿದ್ದು ಮತ್ತೆ ಕಣ್ಣ ಮುಂದೆ ಬಂತು. ಆ ತೂರಾಟ ಅವಳಿಗೆ ಚೆನ್ನಾಗಿ ಗೊತ್ತು. ಲಾಂಡ್ರಿಗೆ ಹೊಸದಾಗಿ ಬಂದವರು ದಿನಾ ಹಾಗೇ ತೂರಾಡುತ್ತಾರೆ. ಒಣಗಿದ ಗಂಟನ್ನು ಒದ್ದೆ ಗಂಟು ಅಂದುಕೊಂಡು, ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತಾರೆ, ಗಂಟು ಹಗುರಕ್ಕೆ ಬಂದು ಎದೆಗೆ ಬಡಿಯುತ್ತದೆ, ಹಿಂದಕ್ಕೆ ಬೀಳುತ್ತಾರೆ. ಎಲ್ಲರೂ ನಗುತ್ತಾರೆ. ಅವರಿಗೆ ಬಲ ಬಂದಿರುವುದಿಲ್ಲ. ಗಂಟಿನಲ್ಲಿ ನೀರಿರುವುದಿಲ್ಲ, ಅಷ್ಟೆ.

ಅಕ್ಕ ಒಲೆ ಆರಿಸಿ ಒಳಗೆ ಹೋದಳು. ಅಮ್ಮನನ್ನು ನೋಡಿದಳು. ಪ್ರತಿ ಶುಕ್ರವಾರ ಲೆಕ್ಕ ಒಪ್ಪಿಸಬೇಕಾದ್ದರಿಂದ ಇಷ್ಟು ವರ್ಷ ಬೆಳಿಗ್ಗೆ ಅವಳು ಗಮನ ಕೊಟ್ಟದ್ದು ತನ್ನ ತೋಳಿಗೆ, ತನ್ನ ಸೊಂಟಕ್ಕೆ, ತನ್ನ ಉಸಿರಿಗೆ. ತೋಳಿನೊಳಗೆ ಇದ್ದವಳನ್ನು ನೋಡಿರಲೇ ಇಲ್ಲ. ಮೈ ಇಳಿದದ್ದು ಕಂಡಿತ್ತು, ಕಾಯಿಲೆ ಮೈ ಇಳಿಯದೆ ಇರುತ್ತಾ ಅಂದುಕೊಂಡು ನೈಟಿಗಳ ಹೊಲಿಗೆಯನ್ನು ಒಳಗೆ ಹಿಡಿದು ಸುಮ್ಮನಾಗಿದ್ದಳು. ಈಗ ಪ್ರಾರ್ಥನೆ ಇಲ್ಲದೆ, ಉಸಿರು ಎಳೆಯದೆ, ಒಂದು ಕೈಯನ್ನು ಬೆನ್ನಡಿ ಹಾಕಿದಳು. ಅಮ್ಮ ಎದ್ದು ಬಂದಳು. ಬೆನ್ನಿನ ಮೂಳೆಗಳು ಒಂದೊಂದೇ ಅಂಗೈಗೆ ಸಿಕ್ಕವು.

ಅಮ್ಮನನ್ನು ಒರಗಿಸಿ ದಿಂಬು ಸರಿಮಾಡಲು ಹೋದಾಗ ದಿಂಬಿನ ಚೀಲದೊಳಗೆ ಏನೋ ಒರಟಾಗಿ ಸಿಕ್ಕಿತು. ಕೈಹಾಕಿ ತೆಗೆದಳು. ಬ್ರೆಡ್ಡಿನ ಚೂರುಗಳು, ನಿನ್ನೆಯ ಬೇಯಿಸಿದ ಮೊಟ್ಟೆ, ಬೆಳಗಿನ ಬಾಳೆಹಣ್ಣು ಸಿಪ್ಪೆ ಸಮೇತ. ಅವಳೇ ತಟ್ಟೆಗೆ ಹಾಕಿ ಕೈಗೆ ಕೊಟ್ಟದ್ದು. ಎಡಗೈಯಲ್ಲಿ ನಾನೇ ತಿಂತೀನಿ, ನೀನು ಕೆಲಸಕ್ಕೆ ಹೋಗು ಅನ್ನುತ್ತಿದ್ದಳಲ್ಲ ಅಮ್ಮ.

"ಏನಮ್ಮ ಇದು?"

ಅಮ್ಮ ಸಿಕ್ಕಿಬಿದ್ದವಳಂತೆ ಅತ್ತ ನೋಡಿದಳು. "ಕೆಳಮನೆಯವಳ... ಕೋಳಿಗೆ. ನಿನ್ನೆಯಿಂದ... ಬಂದಿಲ್ಲ ಅವಳು."

"ದಿನಾ ಕೊಡ್ತೀಯಾ?"

"ಸ್ವಲ್ಪ... ತಿಂತೀನಿ. ಉಳಿದದ್ದು."

"ಯಾವತ್ತಿಂದ?"

ಅಮ್ಮ ಒಂದೊಂದೇ ಮಾತು ಹೊರಕ್ಕೆ ನೂಕಿದಳು. "ನೀನು... ಹೊರೆ ಅಂತ ಕೇಳ್ಕೊಳ್ಳೋಕೆ... ಶುರು ಮಾಡಿದೆಯಲ್ಲ. ಆವತ್ತಿಂದ."

"ನಿನಗೆ ಅನ್ನಲಿಲ್ಲಮ್ಮ," ಅಂದಳು ಅಕ್ಕ. "ದೇವರಿಗೆ ಅಂದೆ."

"ನನ್ನ ಕಿವಿ... ಮಧ್ಯದಲ್ಲಿತ್ತಲ್ಲ," ಅಂದಳು ಅಮ್ಮ. ಕೋಪ ಇರಲಿಲ್ಲ ಅವಳ ದನಿಯಲ್ಲಿ. "ನಾನೂ... ಎತ್ತಿದವಳೇ. ಭಾರದ ರೋಗಿ ಬಂದ್ರೆ... ಬೈಕೊಳ್ತಿದ್ದೆ. ಸೊಂಟ ಏನಾಗುತ್ತೆ... ನನಗೆ ಗೊತ್ತು." ಆಮೇಲೆ ಎಡಗೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡಳು. "ಹೇಳ್ಬೇಡ. ಎತ್ತಿದಾನೆ. ಒಪ್ಕೊಂಡಿದಾನೆ. ನೀನು ಹೋಗು."

ಮುಂದಿನ ರೂಮಿನಲ್ಲಿ ತಂಗಿ ಇನ್ನೊಂದು ಹಾಡು ಶುರು ಮಾಡಿದ್ದಳು. ಅಕ್ಕ ಬ್ರೆಡ್ಡಿನ ಚೂರುಗಳನ್ನು ಕೈಯಲ್ಲಿ ಹಿಡಿದು ನಿಂತಳು. ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಅವಳಿಗೆ ಹಾಗೇ ಬಿಟ್ಟುಬಿಡೋಣ ಅನ್ನಿಸಿತು. ಬಾಯಿ ಮುಚ್ಚಿಕೊಂಡರೆ ಸಾಕು. ನಾಳೆ ವ್ಯಾನು ಬರುತ್ತದೆ, ನಾಳಿದ್ದು ರೈಲು. ಅಮ್ಮನೇ ಹೇಳ್ತಿದಾಳೆ, ಇನ್ಯಾರ ಅಪ್ಪಣೆ ಬೇಕು? ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೋಗಬೇಕು ಅನ್ನುವ ಆಸೆ ಮಾತ್ರ ಆಗಲೂ ಹೋಗಲಿಲ್ಲ. ಅದನ್ನು ಹಾಗೇ ಹೊತ್ತುಕೊಂಡು ಮುಂದಿನ ರೂಮಿಗೆ ನಡೆದಳು.

"ಹಾಡು ನಿಲ್ಸೇ," ಅಂದಳು ತಂಗಿಗೆ. ಕೈಯಲ್ಲಿದ್ದದ್ದನ್ನೆಲ್ಲ ಟೀಪಾಯಿ ಮೇಲೆ ಸುರಿದಳು. "ಯಾರಿಗೂ ಯಾವ ಬಲವೂ ಬಂದಿಲ್ಲ. ನನಗೂ ಬಂದಿಲ್ಲ, ಇವನಿಗೂ ಬಂದಿಲ್ಲ. ಅಮ್ಮ ಊಟ ಬಿಟ್ಟಿದಾಳೆ. ನಮಗೆ ಎತ್ತೋಕೆ ಸುಲಭ ಆಗಲಿ ಅಂತ ನಾಲ್ಕು ವರ್ಷದಿಂದ ಹೊಟ್ಟೆಗೆ ತಿನ್ನದೆ ಕರಗಿದಾಳೆ. ನಾನು ಪ್ರತಿ ಶುಕ್ರವಾರ ಬಂದು ನಿಮ್ಮೆದುರು ಅದಕ್ಕೆ ಸ್ತೋತ್ರ ಹೇಳಿದೀನಿ. ನೀವು ಚಪ್ಪಾಳೆ ತಟ್ಟಿದೀರಿ."

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಸ್ಟರು ಒಣಗಿದ ಮೊಟ್ಟೆಯನ್ನೇ ನೋಡುತ್ತಿದ್ದರು. ತಮ್ಮ ಸೊಂಟದ ಪಟ್ಟಿಯನ್ನು ಬಿಚ್ಚಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ಹಣೆ ಗಂಟಿಕ್ಕಿತು. ಬೀರು ಬಾಗಿಲಲ್ಲಿ ಹಿಡಿಯುತ್ತೋ ಇಲ್ಲವೋ ಅಂತ ಅಂದಾಜು ಹಾಕುವಾಗ ಅವನ ಮುಖ ಹಾಗೇ ಆಗುತ್ತಿತ್ತು.

"ಹಾಗಾದ್ರೆ," ಅಂದ ಮೆಲ್ಲಗೆ, "ನಮ್ಮನೇಲಿ ಹೊಟ್ಟೆ ತುಂಬಾ ತಿಂದ್ರೆ ಮತ್ತೆ ಮೊದಲಿನಷ್ಟೇ ಭಾರ ಆಗ್ತಾಳಲ್ಲ?"

ಒಳಗಿನಿಂದ ಅಮ್ಮನ ಸೊಟ್ಟ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದಳು. "ತಿನ್ನಲ್ಲ ಕಣೋ. ಕರ್ಕೊಂಡು... ಹೋಗು."

ಅಕ್ಕ ಬಾಗಿಲು ತೆಗೆದು ಹಿಡಿದು ನಿಂತಳು. ಪಾಸ್ಟರು ಮೊದಲು ಎದ್ದರು, ಉಳಿದವರು ಅವರ ಹಿಂದೆ ಚಪ್ಪಲಿ ಹುಡುಕಿಕೊಂಡು ಇಳಿದರು. ತಮ್ಮ ಮೆಟ್ಟಿಲಲ್ಲಿ ನಿಂತು, ವ್ಯಾನಿನ ವಿಷಯ ಆಮೇಲೆ ಮಾತಾಡೋಣ ಅಂದ. ಅಕ್ಕ ಬಾಗಿಲು ಹಾಕಿ ಯಜಮಾನಿಗೆ ಫೋನು ಮಾಡಿದಳು, ಬರೋಕಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂದಳು. ಆಮೇಲೆ ಎರಡು ಮೊಟ್ಟೆ ಬೇಯಿಸಿ, ಬ್ರೆಡ್ಡನ್ನು ಬಿಸಿ ಹಾಲಿನಲ್ಲಿ ನೆನೆಸಿ ತಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಳು. ಅಮ್ಮನ ತಲೆಯನ್ನು ತೋಳಿಗೆ ಆನಿಸಿಕೊಂಡು, ಚಮಚವನ್ನು ತುಟಿಯ ಹತ್ತಿರ ತಂದು, ಬಾಯಿ ತೆಗಿ ಅಂದಳು.

ಅಮ್ಮ ಬಾಯಿ ತೆಗೆಯಲಿಲ್ಲ.